ಎಣಿಕೆ ಎಲ್ಲಿಂದ ಶುರು

2003ರ ಮೇ ತಿಂಗಳು. ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಎಂಬ ಹಳೆಯ ಕ್ಯಾಸಿನೊದಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯ ಕೊನೆಯ ಹಂತಕ್ಕೆ ಬಂದಿತ್ತು. ತಲಾ 10,000 ಡಾಲರ್ ಪ್ರವೇಶಧನದ ಆ ಪಂದ್ಯಕ್ಕೆ ಕೂತ 839 ಮಂದಿಯಲ್ಲಿ ಹತ್ತು ಜನ ಉಳಿದಿದ್ದರು. ಅವರಲ್ಲಿ ಒಬ್ಬ ಫಿಲ್ ಐವಿ. ಇಪ್ಪತ್ತಾರರ ಹುಡುಗ, ಹಿಂದಿನ ವರ್ಷವಷ್ಟೇ ಅದೇ ಸರಣಿಯಲ್ಲಿ ಮೂರು ಪಂದ್ಯ ಗೆದ್ದು ದೊಡ್ಡ ಆಟಗಾರರ ಸಾಲಿಗೆ ಬಂದವನು. ಇನ್ನೊಬ್ಬ ಕ್ರಿಸ್ ಮನಿಮೇಕರ್. ಟೆನೆಸೀ ರಾಜ್ಯದ ಅಕೌಂಟೆಂಟ್. ಇಂಟರ್ನೆಟ್ಟಿನಲ್ಲಿ 86 ಡಾಲರಿನ ಅರ್ಹತಾ ಪಂದ್ಯದಿಂದ ಮೇಲೇರಿ ಇಲ್ಲಿಗೆ ಸೀಟು ಗಿಟ್ಟಿಸಿಕೊಂಡವನು.

ಆಟ ಟೆಕ್ಸಾಸ್ ಹೋಲ್ಡೆಮ್. ಒಬ್ಬೊಬ್ಬರಿಗೂ ಮುಚ್ಚಿದ ಎರಡು ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಮೊದಲು ಮೂರು ಒಟ್ಟಿಗೆ, ಆಮೇಲೆ ಒಂದು, ಕಡೆಗೆ ಮತ್ತೊಂದು. ಈ ಏಳರಲ್ಲಿ ಆಯ್ದ ಐದು ಯಾರದು ಮೇಲೋ ಅವರ ಗೆಲುವು. ಐವಿಯ ಕೈಯಲ್ಲಿದ್ದದ್ದು ಜೋಡಿ ಒಂಬತ್ತು. ಮನಿಮೇಕರ್ ಕೈಯಲ್ಲಿ ಎಕ್ಕ, ರಾಣಿ. ಮೇಜಿನ ಮೇಲೆ ಮೊದಲು ಬಿದ್ದ ಮೂರು: ರಾಣಿ, ರಾಣಿ, ಆರು. ನಾಲ್ಕನೆಯದು ಒಂಬತ್ತು. ಈಗ ಐವಿಗೆ ಮೂರು ಒಂಬತ್ತು, ಎರಡು ರಾಣಿ, ಫುಲ್ ಹೌಸ್; ಮನಿಮೇಕರ್‌ನ ಮೂರು ರಾಣಿಗಿಂತ ಮೇಲು. ಅವನು ತನ್ನ ಚಿಪ್ಸನ್ನೆಲ್ಲ ಮುಂದೆ ತಳ್ಳಿದ, ಮನಿಮೇಕರ್ ಒಪ್ಪಿಕೊಂಡ. ಕಾಣದೆ ಉಳಿದ 44 ಎಲೆಗಳಲ್ಲಿ ಮನಿಮೇಕರ್‌ನನ್ನು ಗೆಲ್ಲಿಸುವಂಥವು ಏಳೇ: ಮೂರು ಎಕ್ಕ, ಮೂರು ಆರು, ಒಂದು ರಾಣಿ. ಎಕ್ಕ ಬಿತ್ತು. ಐವಿ ಎದ್ದು ಹೋದ. ಮನಿಮೇಕರ್ ಪಂದ್ಯ ಗೆದ್ದು 25 ಲಕ್ಷ ಡಾಲರ್ ತೆಗೆದುಕೊಂಡ.

ಈ ಕಥೆಯನ್ನು ಹೇಳುವವರೆಲ್ಲ ಕೊನೆಯ ಎಕ್ಕದ ಮೇಲೆ ಬೆರಳಿಡುತ್ತಾರೆ. ಎಂಥ ಅದೃಷ್ಟ ಆ ಮನುಷ್ಯನದು ಎನ್ನುತ್ತಾರೆ. ಆದರೆ ಒಂದು ಎಲೆ ಹಿಂದಕ್ಕೆ ಸರಿದು ನೋಡಿ. ಮೊದಲ ಮೂರು ಎಲೆ ಬಿದ್ದಾಗ ಮೂರು ರಾಣಿಯರನ್ನು ಹಿಡಿದು ಮುಂದಿದ್ದವನು ಮನಿಮೇಕರ್. ಆಗ ಉಳಿದಿದ್ದ 45 ಎಲೆಗಳಲ್ಲಿ ಒಂಬತ್ತು ಇದ್ದದ್ದು ಎರಡೇ ಎರಡು. ಅದರಲ್ಲೊಂದು ಬಂದು ಐವಿಯನ್ನು ಮೇಲೆತ್ತಿತು. ಅಂದರೆ ಏಳರ ಪವಾಡಕ್ಕೆ ಮುನ್ನ ಎರಡರ ಪವಾಡವೊಂದು ನಡೆದಿತ್ತು. ಅದು ಐವಿಯ ಪಾಲಿನದು. ಇನ್ನೂ ಹಿಂದಕ್ಕೆ, ಕೈಯಲ್ಲಿ ಎರಡೆರಡೇ ಎಲೆ ಇದ್ದಾಗಿನ ಲೆಕ್ಕಕ್ಕೆ ಹೋದರೆ, ಇವರಿಬ್ಬರ ನಡುವೆ ಜೋಡಿ ಒಂಬತ್ತೇ ತುಸು ಮುಂದಿತ್ತು. ಅದೃಷ್ಟ ಯಾರ ಕಡೆಗಿತ್ತು ಎಂಬ ಪ್ರಶ್ನೆಗೆ ಉತ್ತರ, ಎಣಿಕೆ ಎಲ್ಲಿಂದ ಶುರು ಮಾಡುತ್ತೇವೆ ಎಂಬುದರ ಮೇಲೆ ನಿಂತಿದೆ. ಐವಿಯೂ ಮನಿಮೇಕರನೂ ತಮ್ಮ ತಮ್ಮ ನೆನಪಿನಲ್ಲಿ ಬೇರೆ ಬೇರೆ ಎಲೆಯಿಂದ ಎಣಿಸಿದರೆ ಇಬ್ಬರೂ ಸುಳ್ಳು ಹೇಳಿದಂತಾಗುವುದಿಲ್ಲ. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡಿದ ಸಂಗತಿ ಇದು.

ಆ ಎಕ್ಕದ ಹಿಂದೆ ಏನೇನು ಬಂತು ಎಂಬುದೂ ಸಣ್ಣ ಮಾತಲ್ಲ. ಅಕೌಂಟೆಂಟ್ ಒಬ್ಬ ಮನೆಯ ಕಂಪ್ಯೂಟರಿನಿಂದ ಹೊರಟು ವಿಶ್ವಪಟ್ಟ ಗೆದ್ದದ್ದನ್ನು ಜನ ಟೀವಿಯಲ್ಲಿ ನೋಡಿದರು. ಆಟಗಾರರ ಮುಚ್ಚಿದ ಎಲೆಗಳನ್ನು ತೋರಿಸುವ ಸಣ್ಣ ಕ್ಯಾಮೆರಾಗಳು ಆಗಷ್ಟೇ ಬಂದಿದ್ದವು. ಮರುವರ್ಷ ಆ ಪಂದ್ಯಕ್ಕೆ ಬಂದವರು 2,576 ಜನ. 2005ರಲ್ಲಿ 5,619. 2006ರಲ್ಲಿ 8,773. ಆ ಅಲೆ ಕೆಲವು ವರ್ಷಗಳಲ್ಲಿ ನಮ್ಮ ಕಡೆಗೂ ಬಂತು. ಬೆಂಗಳೂರಿನಲ್ಲಿ ಪೋಕರ್ ರೂಮುಗಳು ಹುಟ್ಟಿದವು. ಮಾಂಡೋವಿ ನದಿಯಲ್ಲಿ ಲಂಗರು ಹಾಕಿ ನಿಂತ ಗೋವಾದ ಕ್ಯಾಸಿನೊ ಹಡಗುಗಳಿಗೆ ವಾರಾಂತ್ಯದ ಬಸ್ಸು ಹಿಡಿದು ಹೋಗುವ ಹುಡುಗರ ಗುಂಪುಗಳಾದವು. ಅಂಥ ಮೇಜುಗಳಲ್ಲಿ ನಾನೂ ಕೂತಿದ್ದೇನೆ. ಆ ಹೊತ್ತಿಗೆ ನನಗೆ ಇಸ್ಪೀಟು ಹೊಸದೇನಲ್ಲ. ದೀಪಾವಳಿಯ ರಾತ್ರಿ ಜಗಲಿಯ ಮೇಲೆ ರಮ್ಮಿ, ಮೂರೆಲೆ ಆಡುವ ದೊಡ್ಡವರ ಬೆನ್ನ ಹಿಂದೆ ಕೂತು ಎಲೆಗಳನ್ನು ಗುರುತಿಸಲು ಕಲಿತವನು ನಾನು. ಹೊಸದಾಗಿದ್ದದ್ದು ಪಂದ್ಯ ಎಂಬ ಕಟ್ಟು.

ಮನೆಯಲ್ಲೋ ಕ್ಲಬ್ಬಿನಲ್ಲೋ ದುಡ್ಡಿಟ್ಟು ಆಡುವಾಗ ಸೋತವನು ಜೇಬಿಗೆ ಕೈ ಹಾಕಿ ಮತ್ತೆ ಕೂರಬಹುದು, ಬೇಡವೆನಿಸಿದರೆ ಎದ್ದು ಹೋಗಬಹುದು. ಮರುಪ್ರವೇಶವಿಲ್ಲದ ಪಂದ್ಯದಲ್ಲಿ ಎರಡೂ ಇಲ್ಲ. ಎಲ್ಲರಿಗೂ ಒಂದೇ ಅಳತೆಯ ಚಿಪ್ಸ್. ಅದು ಮುಗಿದರೆ ಅವರ ಆಟ ಮುಗಿಯಿತು. ಬ್ಲೈಂಡ್ ಎಂದು ಕರೆಯುವ ಕಡ್ಡಾಯ ಪಣ ಗಡಿಯಾರದ ಪ್ರಕಾರ ಏರುತ್ತಲೇ ಹೋಗುತ್ತದೆ. ಒಳ್ಳೆಯ ಎಲೆಗಾಗಿ ಕಾಯುತ್ತ ಕೂತವನ ಚಿಪ್ಸನ್ನು ಗಡಿಯಾರವೇ ತಿಂದುಹಾಕುತ್ತದೆ. ಆದ್ದರಿಂದ ಯಾವಾಗಲೋ ಒಮ್ಮೆ ಇದ್ದದ್ದೆಲ್ಲವನ್ನೂ ಮುಂದೆ ತಳ್ಳಲೇಬೇಕು, ಅದೂ ಒಂದೇ ಸಲವಲ್ಲ. ಪ್ರತಿ ಸಲವೂ ನೂರಕ್ಕೆ 80ರಷ್ಟು ಗೆಲುವಿನ ಸಾಧ್ಯತೆ ಇರುವಾಗ ಮಾತ್ರ ಹಾಗೆ ತಳ್ಳುವ ಜಾಣನೊಬ್ಬನಿದ್ದಾನೆ ಎನ್ನಿ. ಅವನು ಐದು ಸಲ ಎಲ್ಲವನ್ನೂ ಪಣಕ್ಕಿಟ್ಟರೆ ಐದರಲ್ಲೂ ಉಳಿಯುವ ಸಾಧ್ಯತೆ ನೂರಕ್ಕೆ 33. ಅಷ್ಟು ಚೆನ್ನಾಗಿ ಆಡಿಯೂ ಮೂರರಲ್ಲಿ ಎರಡು ಸಲ ಅವನು ಮನೆಗೆ ಹೋಗುತ್ತಾನೆ. ನಿಜವಾದ ಪಂದ್ಯದಲ್ಲಿ ಪ್ರತಿ ಸಲವೂ 80 ಸಿಗುವುದಿಲ್ಲ. 55ಕ್ಕೂ 50ಕ್ಕೂ ತಳ್ಳಬೇಕಾಗುತ್ತದೆ.

ಗೋವಾದ ಒಂದು ಪಂದ್ಯದಲ್ಲಿ, ಬಹುಮಾನದ ಹಂತ ಹತ್ತಿರವಾಗುತ್ತಿದ್ದಾಗ, ನನಗೆ ಜೋಡಿ ಎಕ್ಕ ಬಂತು. 221 ಸಲಕ್ಕೆ ಒಮ್ಮೆ ಬರುವ ಎಲೆ ಅದು. ಬಗ್ಗಿಸಿ ನೋಡಿದಾಗ ಹೊಟ್ಟೆಯೊಳಗೆ ಏನೋ ಬೆಚ್ಚಗಾಗುತ್ತದೆ. ಎದುರಿಗಿದ್ದವರು ಎಲ್ಲ ಚಿಪ್ಸನ್ನೂ ತಳ್ಳಿದರು, ನಾನು ಒಪ್ಪಿದೆ. ಅವರು ತೋರಿಸಿದ್ದು ಜೋಡಿ ರಾಜ. ನೂರಕ್ಕೆ 82 ನನ್ನ ಪಾಲು, 18 ಅವರದು. ಮೂರು ಎಲೆ, ಏನೂ ಆಗಲಿಲ್ಲ. ನಾಲ್ಕನೆಯದು, ಏನೂ ಇಲ್ಲ. ಐದನೆಯದು ರಾಜ. ಪಕ್ಕದವರು ‘ಬ್ಯಾಡ್ ಲಕ್ ಸಾರ್’ ಎಂದು ಭುಜ ಮುಟ್ಟಿದರು. ಡೀಲರ್ ಹುಡುಗಿ ಆಗಲೇ ಮುಂದಿನ ಆಟಕ್ಕೆ ಎಲೆ ಕಲಸುತ್ತಿದ್ದಳು. ನಾನು ಹಡಗಿನ ಮೇಲಟ್ಟಕ್ಕೆ ಹೋಗಿ ಪಣಜಿಯ ದೀಪಗಳನ್ನು ನೋಡುತ್ತ ನಿಂತೆ.

ಆಗ ಮನಸ್ಸು ಮಾಡಿದ ಕೆಲಸವನ್ನು ನಾನು ಇಂದಿಗೂ ಯೋಚಿಸುತ್ತೇನೆ. ಅದು ಪಾಠ ಹುಡುಕಲು ಹೊರಟಿತ್ತು. ಕಡಿಮೆ ಪಣ ಕಟ್ಟಬೇಕಿತ್ತೇ? ಅವರ ಮುಖ ನೋಡಿ ಬಿಡಬೇಕಿತ್ತೇ? ಸ್ವಲ್ಪ ಹೊತ್ತು ಸುಮ್ಮನಿದ್ದರೆ ಬಹುಮಾನದ ಸಾಲಿಗೆ ಸೇರುತ್ತಿದ್ದೆನಲ್ಲವೇ? ಒಂದೊಂದೂ ಅರ್ಥವಿಲ್ಲದ ಪ್ರಶ್ನೆ. ಜೋಡಿ ಎಕ್ಕ ಹಿಡಿದವನು ಮಾಡಬೇಕಾದದ್ದನ್ನು ನಾನು ಮಾಡಿದ್ದೆ. ತಿದ್ದಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಸೋಲು ಮೆಟ್ಟಿಲು, ಸೋಲು ಗುರು ಎಂದು ಶಾಲೆಯಿಂದಲೂ ಕೇಳಿಕೊಂಡು ಬಂದ ನಮಗೆ ಏನನ್ನೂ ಕಲಿಸದ ಸೋಲನ್ನು ಹೇಗೆ ಹೊರಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ಮನಸ್ಸು ಇಲ್ಲದ ಪಾಠವೊಂದನ್ನು ಕಟ್ಟಿಕೊಳ್ಳುತ್ತದೆ. ಮುಂದಿನ ಸಲ ಎಕ್ಕ ಬಂದಾಗ ಕೈ ಅಳುಕುತ್ತದೆ. ಎಷ್ಟೋ ಒಳ್ಳೆಯ ಆಟಗಾರರು ಕೆಟ್ಟದ್ದು ಹೀಗೆ. ಅವರು ಸೋತದ್ದರಿಂದ ಕೆಡಲಿಲ್ಲ, ಕಲಿಯಬಾರದ್ದನ್ನು ಸೋಲಿನಿಂದ ಕಲಿತು ಕೆಟ್ಟರು. ಅಂದು ರಾಜ ಬಿದ್ದು ಗೆದ್ದವರಿಗೆ ಸಿಕ್ಕ ಪಾಠವೂ ಕಡಿಮೆ ಅಪಾಯದ್ದಲ್ಲ. ಅವರ ಮೇಜಿನ ಸುತ್ತ ಜನ ಸೇರಿ ಬೆನ್ನು ತಟ್ಟುತ್ತಿದ್ದರು.

ಪಂದ್ಯದ ನಡುವೆ ಹತ್ತು ಹದಿನೈದು ನಿಮಿಷದ ಬಿಡುವು ಕೊಡುತ್ತಾರೆ. ಆಗ ಹೊರಗಿನ ಓಣಿಯಲ್ಲಿ ಕೇಳಿಬರುವ ಮಾತು ಯಾವ ಊರಿನಲ್ಲೂ ಒಂದೇ. ‘ಫ್ಲಾಪಲ್ಲೇ ನಂದು ಸೆಟ್ ಆಗಿತ್ತು ಗುರೂ, ರಿವರಲ್ಲಿ ಹೊಡೆದುಬಿಟ್ಟ.’ ಮೊದಲ ಮೂರು ಎಲೆಯಲ್ಲೇ ಮುಂದಿದ್ದವನು ಕೊನೆಯ ಎಲೆಗೆ ಸೋತ ಕಥೆ; ಬ್ಯಾಡ್ ಬೀಟ್ ಎಂದು ಇದಕ್ಕೆ ಹೆಸರು. ಸಿಗರೇಟು ಮುಗಿಯುವಷ್ಟರಲ್ಲಿ ಇಂಥ ಮೂರು ಕಥೆ ಕಿವಿಗೆ ಬೀಳುತ್ತವೆ. ತಾನು ಹೇಗೆ ಯೋಗ್ಯತೆಯಿಲ್ಲದೆ ಉಳಿದುಕೊಂಡೆ ಎಂಬ ಕಥೆಯನ್ನು ಅಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅಂಥವು ನಡೆದಿರುವುದಂತೂ ಖಂಡಿತ. ಪ್ರತಿಯೊಂದು ಬ್ಯಾಡ್ ಬೀಟಿನ ಇನ್ನೊಂದು ಬದಿಯಲ್ಲಿ ಅದರಿಂದ ಉಳಿದವನೊಬ್ಬ ಇರಲೇಬೇಕಲ್ಲ. ಅವನು ಅದನ್ನು ತನ್ನ ಧೈರ್ಯವೆಂದೋ ಲೆಕ್ಕಾಚಾರವೆಂದೋ ಎತ್ತಿಟ್ಟುಕೊಂಡಿರುತ್ತಾನೆ. ಇನ್ನೂ ಒಂದು ಬಗೆಯ ಅದೃಷ್ಟವಿದೆ, ಅದು ಕಣ್ಣಿಗೇ ಬೀಳುವುದಿಲ್ಲ: ಎದುರಿನವನು ನಮಗಿಂತ ದೊಡ್ಡ ಎಲೆ ಹಿಡಿದೂ ಅಂಜಿ ಮುಚ್ಚಿ ಎಸೆದದ್ದು. ಆ ಎಲೆಗಳು ರಾಶಿಗೆ ಸೇರಿಹೋದವು. ನಾವು ಬದುಕಿದೆವೆಂಬುದೇ ನಮಗೆ ಗೊತ್ತಾಗಲಿಲ್ಲ.

ಎರಿಕ್ ಸೈಡೆಲ್ ಎಂಬ ಹಿರಿಯ ಆಟಗಾರ ಇಂಥ ಕಥೆಗಳಿಗೆ ಕಿವಿಗೊಡುವುದಿಲ್ಲ. ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಲೇಖಕಿ ಮರಿಯಾ ಕೊನ್ನಿಕೊವಾ, ಜೀವನದಲ್ಲಿ ಅದೃಷ್ಟದ ಪಾಲೆಷ್ಟು ಎಂದು ತಿಳಿಯುವ ಹಂಬಲದಿಂದ ಅವರ ಬಳಿ ಶಿಷ್ಯೆಯಾಗಿ ಪೋಕರ್ ಕಲಿತರು. ಆಟದ ನಿಯಮವೂ ಸರಿಯಾಗಿ ತಿಳಿಯದೆ ಶುರು ಮಾಡಿದವರು 2018ರ ಜನವರಿಯಲ್ಲಿ ಬಹಾಮಾಸ್‌ನಲ್ಲಿ ಒಂದು ದೊಡ್ಡ ಪಂದ್ಯವನ್ನೇ ಗೆದ್ದರು. ಆಕೆ ಸೋತ ಕಥೆಯೊಂದನ್ನು ಗುರುವಿನ ಮುಂದೆ ಬಿಚ್ಚಿದಾಗ ಸೈಡೆಲ್ ತಡೆದರಂತೆ. ಎಲೆ ಹೇಗೆ ಬಿತ್ತು ಎಂಬುದು ಅವರಿಗೆ ಬೇಡ. ಎಲೆ ಬೀಳುವ ಮೊದಲು ಏನು ಯೋಚಿಸಿದೆ, ಯಾಕೆ ಹಾಗೆ ಮಾಡಿದೆ, ಅದು ಬೇಕು. ಆಕೆಯ ಬರಹದಲ್ಲಿ ಇದನ್ನು ಓದಿದ ಮೇಲೆ ನಾನೂ ಒಂದು ಪುಸ್ತಕ ಇಟ್ಟುಕೊಂಡೆ. ಎಲ್ಲ ಚಿಪ್ಸ್ ಮುಂದೆ ಹೋದ ಆಟಗಳನ್ನಷ್ಟೇ ಅದರಲ್ಲಿ ಬರೆಯುವುದು. ಹೋದ ಗಳಿಗೆಯಲ್ಲಿ ನನ್ನ ಪಾಲು ಎಷ್ಟಿತ್ತು, ಯಾಕೆ ಒಪ್ಪಿದೆ, ಅಷ್ಟೇ. ಫಲಿತಾಂಶಕ್ಕೆ ಜಾಗವನ್ನೇ ಬಿಡಲಿಲ್ಲ. ಕೆಲವು ತಿಂಗಳ ಮೇಲೆ ತಿರುವಿ ಹಾಕಿದರೆ, ಯಾವ ಪುಟ ಗೆದ್ದ ರಾತ್ರಿಯದು, ಯಾವುದು ಸೋತ ರಾತ್ರಿಯದು ಎಂದು ಗುರುತೇ ಸಿಗಲಿಲ್ಲ. ಆ ಗುರುತು ಸಿಗದೆ ಹೋದದ್ದರಲ್ಲಿ ಒಂದು ನೆಮ್ಮದಿ ಇತ್ತು.

ಪೋಕರ್ ಪಂದ್ಯದ ಹುಟ್ಟಿನಲ್ಲೇ ಈ ತೊಡಕು ಸೇರಿಕೊಂಡಿದೆ. 1970ರಲ್ಲಿ ಮೊದಲ ವರ್ಲ್ಡ್ ಸೀರೀಸ್ ನಡೆದಾಗ ಗೆದ್ದವರಾರು ಎಂದು ತೀರ್ಮಾನಿಸಿದ್ದು ಆಟಗಾರರ ಮತ. ಒಟ್ಟಿಗೆ ಕೂತು ಆಡಿದವರೇ ತಮ್ಮಲ್ಲಿ ಶ್ರೇಷ್ಠನೆಂದು ಜಾನಿ ಮಾಸ್ ಎಂಬವರನ್ನು ಆರಿಸಿದರು. ಕೌಶಲವನ್ನು ಅಳೆಯಲು ಅದಕ್ಕಿಂತ ನ್ಯಾಯವಾದ ದಾರಿ ನನಗೆ ತೋಚುವುದಿಲ್ಲ; ದಿನಗಟ್ಟಲೆ ಎದುರು ಕೂತವರಿಗೆ ಗೊತ್ತಿರುತ್ತದೆ ಯಾರ ಕೈ ಗಟ್ಟಿ ಎಂದು. ಆದರೆ ಮತ ಎಣಿಸುವುದನ್ನು ನೋಡಲು ಯಾರು ಬರುತ್ತಾರೆ? ಮರುವರ್ಷವೇ ನಿಯಮ ಬದಲಾಯಿತು. ಒಬ್ಬನೇ ಉಳಿಯುವವರೆಗೆ ಆಡುವುದು, ಉಳಿದವನೇ ಚಾಂಪಿಯನ್. ಆ ಸಲವೂ ಮಾಸ್ ಅವರೇ ಗೆದ್ದರು. ಆದರೆ ಅಲ್ಲಿಂದ ಮುಂದೆ ಶ್ರೇಷ್ಠ ಯಾರು ಎಂಬ ಪ್ರಶ್ನೆ ಹಿಂದೆ ಸರಿದು, ಉಳಿದವರು ಯಾರು ಎಂಬ ಪ್ರಶ್ನೆ ಅದರ ಜಾಗದಲ್ಲಿ ಕೂತಿತು. 1982ರಲ್ಲಿ ಗೆದ್ದ ಜ್ಯಾಕ್ ಸ್ಟ್ರಾಸ್ ನಡುವೆ ಒಮ್ಮೆ ಎಲ್ಲವನ್ನೂ ಕಳೆದುಕೊಂಡು ಏಳುವಾಗ ಒಂದೇ ಒಂದು ಚಿಪ್ ಉಳಿದದ್ದು ಕಂಡಿತು, ಅದರಿಂದಲೇ ಮತ್ತೆ ಏರಿದರು ಎಂಬ ಕಥೆ ಆಟಗಾರರಲ್ಲಿ ಇಂದಿಗೂ ಓಡಾಡುತ್ತದೆ. ಈ ಕಥೆ ಎಷ್ಟು ಜನರನ್ನು ಕುರ್ಚಿಯಲ್ಲಿ ಕೂರಿಸಿಟ್ಟಿದೆಯೋ!

ಹಾಗಾದರೆ ಇದು ಬರೀ ಅದೃಷ್ಟದಾಟವೇ? ಅಲ್ಲ. ಶಿಕಾಗೊ ವಿಶ್ವವಿದ್ಯಾಲಯದ ಸ್ಟೀವನ್ ಲೆವಿಟ್ ಮತ್ತು ಥಾಮಸ್ ಮೈಲ್ಸ್ 2010ರ ವರ್ಲ್ಡ್ ಸೀರೀಸ್ ಪಂದ್ಯಗಳನ್ನೆಲ್ಲ ಲೆಕ್ಕ ಹಾಕಿದರು. ಸರಣಿ ಶುರುವಾಗುವ ಮುಂಚಿನ ಮಾಹಿತಿಯಿಂದಲೇ ನುರಿತವರೆಂದು ಗುರುತಿಸಬಹುದಾದವರನ್ನು ಒಂದು ಗುಂಪು ಮಾಡಿದರು. ಆ ಗುಂಪು ಕಟ್ಟಿದ ಹಣದ ಮೇಲೆ ನೂರಕ್ಕೆ 30ಕ್ಕೂ ಹೆಚ್ಚು ಲಾಭ ಪಡೆಯಿತು. ಉಳಿದವರು ನೂರಕ್ಕೆ 15ರಷ್ಟು ಕಳೆದುಕೊಂಡರು. ಈ ಅಧ್ಯಯನದಲ್ಲಿ ನನಗೆ ಬಹಳ ಹಿಡಿಸಿದ್ದು ‘ಮುಂಚೆ’ ಎಂಬ ಎಚ್ಚರ. ಗೆದ್ದ ಮೇಲೆ ಗೆದ್ದವನನ್ನು ಜಾಣನೆಂದು ಕರೆಯಲು ಯಾವ ವಿದ್ಯೆಯೂ ಬೇಡ.

ಕೌಶಲ ಇದೆ, ಆದರೆ ಅದು ಕಾಣಿಸಿಕೊಳ್ಳಲು ಎಷ್ಟು ಕಾಲ ಬೇಕು? 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದವರು ಲಿಬ್ರೇಟಸ್ ಎಂಬ ತಮ್ಮ ಕಂಪ್ಯೂಟರ್ ಆಟಗಾರನನ್ನು ನಾಲ್ವರು ನುರಿತ ಮನುಷ್ಯರ ಎದುರು ಕೂರಿಸಿದರು. ಯಾರು ಮೇಲೆಂದು ಧೈರ್ಯವಾಗಿ ಹೇಳಲು ಅವರು 20 ದಿನಗಳಲ್ಲಿ 1,20,000 ಆಟ ಆಡಿಸಬೇಕಾಯಿತು. ಅಷ್ಟೂ ಸಾಲದೆಂದು ಇನ್ನೊಂದು ಉಪಾಯ ಮಾಡಿದರು. ಒಂದು ಕಡೆ ಮನುಷ್ಯನಿಗೆ ಹಂಚಿದ ಎಲೆಗಳನ್ನೇ ಇನ್ನೊಂದು ಕಡೆಯ ಮೇಜಿನಲ್ಲಿ ಯಂತ್ರಕ್ಕೆ ಹಂಚಿದರು, ಯಂತ್ರದ್ದನ್ನು ಮನುಷ್ಯನಿಗೆ. ಒಳ್ಳೆಯ ಎಲೆ ಬಂದದ್ದರಿಂದ ಗೆದ್ದೆ ಎನ್ನಲು ಇಬ್ಬರಿಗೂ ಅವಕಾಶವಿಲ್ಲ. ಅದೃಷ್ಟವನ್ನು ತೊಳೆದು ಕೌಶಲವನ್ನು ಮಾತ್ರ ಕಾಣಲು ಪಡಬೇಕಾದ ಕಷ್ಟ ಅಷ್ಟು. ಗೆದ್ದದ್ದು ಯಂತ್ರ.

ಮನುಷ್ಯರಿಗೆ ಆ ಸೌಲಭ್ಯ ಎಲ್ಲಿದೆ? ವರ್ಲ್ಡ್ ಸೀರೀಸ್‌ನ ಮುಖ್ಯ ಪಂದ್ಯ ವರ್ಷಕ್ಕೊಂದೇ. ಈಚೆಗೆ ಸುಮಾರು ಹತ್ತು ಸಾವಿರ ಜನ ಬರುತ್ತಾರೆ. 2024ರಲ್ಲಿ 10,112 ಮಂದಿ ಬಂದಿದ್ದರು. ಸಾಧಾರಣ ಆಟಗಾರನಿಗಿಂತ ಹತ್ತು ಪಟ್ಟು ಹೆಚ್ಚು ಗೆಲುವಿನ ಸಾಧ್ಯತೆ ಇರುವ ಒಬ್ಬ ಮಹಾ ಆಟಗಾರನಿದ್ದರೂ ಒಂದು ವರ್ಷಕ್ಕೆ ಅವನ ಪಾಲು ಸಾವಿರದಲ್ಲಿ ಒಂದು. ನಲವತ್ತು ವರ್ಷ ಬಿಡದೆ ಆಡಿದರೆ ಒಮ್ಮೆ ಗೆಲ್ಲುವ ಸಾಧ್ಯತೆ ನೂರಕ್ಕೆ ನಾಲ್ಕು. ಒಂದು ಆಯುಷ್ಯದಲ್ಲಿ ಉತ್ತರ ಸಿಗುವ ಪ್ರಶ್ನೆಯಲ್ಲ ಇದು.

ಫಿಲ್ ಐವಿಯ ಲೆಕ್ಕ ನೋಡಿ. 2002ರಲ್ಲಿ 631 ಮಂದಿಯಲ್ಲಿ 23ನೆಯವನು. 2003ರಲ್ಲಿ 10ನೆಯವನು. 2005ರಲ್ಲಿ 5,619 ಮಂದಿಯಲ್ಲಿ 20ನೆಯವನು. 2009ರಲ್ಲಿ 6,494 ಮಂದಿಯಲ್ಲಿ ಕೊನೆಯ ಒಂಬತ್ತರ ಮೇಜಿಗೇ ಬಂದ. ಬರೀ ಅದೃಷ್ಟದಿಂದ ಇಂಥ ಸಾಲು ಕೂಡಿಬರುವುದಿಲ್ಲ. ಆ ಮೇಜಿನಲ್ಲಿ ಚಿಪ್ಸ್ ಕಡಿಮೆಯಾಗಿದ್ದಾಗ ಅವನಿಗೆ ಎಕ್ಕ-ರಾಜ ಬಂತು, ಎಲ್ಲವನ್ನೂ ಮುಂದಿಟ್ಟ. ಮೇರಿಲ್ಯಾಂಡಿನಿಂದ ಬಂದಿದ್ದ, ಮರ ಕಡಿಯುವ ಕಸುಬಿನ ಡಾರ್ವಿನ್ ಮೂನ್ ಒಪ್ಪಿಕೊಂಡು ತೋರಿಸಿದ್ದು ಎಕ್ಕ-ರಾಣಿ. ನಾಲ್ಕರಲ್ಲಿ ಮೂರು ಪಾಲು ಐವಿಯದು. ಮೊದಲ ಮೂರು ಎಲೆಯಲ್ಲೇ ರಾಣಿ ಬಂದಳು. ಆರು ವರ್ಷದ ಹಿಂದೆ ಅವನನ್ನು ಎಬ್ಬಿಸಿದ್ದೂ ಎಕ್ಕ-ರಾಣಿಯೇ. ಆ ವರ್ಷ ಪಟ್ಟ ಗೆದ್ದ ಜೋ ಕಾಡಾ 21ರ ಹುಡುಗ. ಅದೇ ಕೊನೆಯ ಮೇಜಿನಲ್ಲಿ ಜೋಡಿ ಮೂರು ಹಿಡಿದು ಜೋಡಿ ಗುಲಾಮನಿಂದ, ಜೋಡಿ ಎರಡು ಹಿಡಿದು ಜೋಡಿ ರಾಣಿಯಿಂದ ಪಾರಾದವನು. ಇದರಲ್ಲಿ ಕಾಡಾನ ತಪ್ಪೇನೂ ಇಲ್ಲ. ಆಡಲು ಬಾರದವನು ಅಲ್ಲಿಯವರೆಗೆ ಬರುವುದಿಲ್ಲ. ಆದರೆ ಮುಖ್ಯ ಪಂದ್ಯ ಗೆದ್ದವರ ಪಟ್ಟಿಯಲ್ಲಿ ಅವನ ಹೆಸರಿದೆ, ಐವಿಯ ಹೆಸರು ಇಲ್ಲ. ಈ ವ್ಯತ್ಯಾಸವನ್ನು ಯೋಗ್ಯತೆಯ ವ್ಯತ್ಯಾಸವೆಂದು ಓದುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಇಲ್ಲಿ ನನಗೆ ನಳನ ಕಥೆ ನೆನಪಾಗುತ್ತದೆ. ಕನ್ನಡಿಗರು ಕನಕದಾಸರ ನಳಚರಿತ್ರೆಯ ಮೂಲಕ ಬಲ್ಲ ಕಥೆ. ಕಲಿ ಹೊಕ್ಕ ನಳ ತಮ್ಮ ಪುಷ್ಕರನಿಗೆ ಪಗಡೆಯಲ್ಲಿ ರಾಜ್ಯವನ್ನೆಲ್ಲ ಸೋತ. ಆಮೇಲಿನ ಒಂದು ಪ್ರಸಂಗ ವ್ಯಾಸಭಾರತದ ವನಪರ್ವದಲ್ಲಿ ಹೀಗಿದೆ. ಬಾಹುಕನಾಗಿ ರಥ ಹೊಡೆಯುತ್ತಿದ್ದ ನಳನಿಗೆ ಒಡೆಯ ಋತುಪರ್ಣ ದಾರಿಬದಿಯ ತಾರೆ ಮರವೊಂದನ್ನು ತೋರಿಸಿ, ಅದರ ಎಲೆ ಎಷ್ಟು, ಕಾಯಿ ಎಷ್ಟು ಎಂದು ಕಂಡಂತೆಯೇ ಹೇಳಿಬಿಡುತ್ತಾನೆ. ನಳ ನಂಬುವುದಿಲ್ಲ. ರಥ ನಿಲ್ಲಿಸಿ ಎಣಿಸಿ ನೋಡುತ್ತಾನೆ, ಸರಿಯಾಗಿರುತ್ತದೆ. ಈ ಎಣಿಕೆಯೂ ದಾಳದ ಮರ್ಮವೂ ಒಟ್ಟಿಗೆ ಇರುವ ವಿದ್ಯೆಯೇ ಅಕ್ಷಹೃದಯ. ಕುದುರೆಯ ವಿದ್ಯೆ ಕೊಟ್ಟು ನಳ ಅದನ್ನು ಪಡೆಯುತ್ತಾನೆ. ಪಡೆದ ಗಳಿಗೆಯಲ್ಲೇ ಕಲಿ ಅವನ ಮೈಯಿಂದ ಹೊರಬೀಳುತ್ತಾನೆ. ಆ ಹೊರಬೀಳುವಿಕೆಗೆ ನಾನು ತಲೆಬಾಗುತ್ತೇನೆ. ಜೂಜಿನ ಭ್ರಮೆ ಬಿಟ್ಟುಹೋದದ್ದು ಶಪಥದಿಂದಲ್ಲ, ಪಶ್ಚಾತ್ತಾಪದಿಂದಲೂ ಅಲ್ಲ, ಎಣಿಸಲು ಕಲಿತದ್ದರಿಂದ. ಒಂದು ಕಡೆ ಮಾತ್ರ ಕಥೆ ನಮ್ಮ ಲೋಕಕ್ಕೆ ಹೊಂದುವುದಿಲ್ಲ. ಮರಳಿ ಬಂದ ನಳ ಎಲ್ಲವನ್ನೂ ಒಂದೇ ಪಣಕ್ಕಿಟ್ಟು ಗೆಲ್ಲುತ್ತಾನೆ. ವಿದ್ಯೆ ಕಲಿತವನು ಮೊದಲನೆಯ ದಾಳದಲ್ಲೇ ಗೆಲ್ಲಬೇಕೆಂಬುದು ಕಥೆಯ ನ್ಯಾಯ. ಮೇಜಿನ ಮುಂದೆ ಕೂತವರಿಗೆ ಆ ಭರವಸೆ ಇಲ್ಲ.

ನಮ್ಮ ನ್ಯಾಯಾಲಯಗಳಲ್ಲಿ ಈ ಚರ್ಚೆ ದಶಕಗಳಿಂದ ಒಂದೇ ಪ್ರಶ್ನೆಯ ಸುತ್ತ ನಡೆದಿದೆ: ಈ ಆಟ ಕೌಶಲದ್ದೋ, ಅದೃಷ್ಟದ್ದೋ? 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿ ಮುಖ್ಯವಾಗಿ ಕೌಶಲದ ಆಟ, ಮೂರೆಲೆಯ ಹಾಗೆ ಬರೀ ಅದೃಷ್ಟದ್ದಲ್ಲ ಎಂದಿತು. 2013ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಪೋಕರ್ ಬಂದಾಗ, ಕೌಶಲದ ಆಟವಾಗಿ ಆಡುವುದಾದರೆ ಲೈಸೆನ್ಸ್ ಬೇಡ ಎಂಬ ನಿಲುವು ಹೊರಬಂತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾಯಿದೆಯನ್ನೇ ಅಂಗೀಕರಿಸಿತು. ಅದು ಕೌಶಲ, ಅದೃಷ್ಟ ಎಂಬ ಭೇದವನ್ನು ಬದಿಗಿಟ್ಟು ಹಣದ ಆನ್‌ಲೈನ್ ಆಟಗಳನ್ನೆಲ್ಲ ಒಟ್ಟಿಗೆ ನಿಷೇಧಿಸಿದೆ. ನಿಷೇಧ ಸರಿಯೇ ತಪ್ಪೇ ಎಂಬ ವಾದ ಮುಂದುವರಿಯಲಿ. ನನಗನ್ನಿಸುವುದು ಇಷ್ಟು: ಆಟದ ಬಗ್ಗೆ ಕೇಳಿದ ಪ್ರಶ್ನೆಯನ್ನು ಆಡುವವನ ಬಗ್ಗೆ ಕೇಳಬೇಕಿತ್ತು. ಅದೇ ಪೋಕರ್ ಹತ್ತು ಆಟಕ್ಕೆ ಅದೃಷ್ಟದ್ದು, ಲಕ್ಷ ಆಟಕ್ಕೆ ಕೌಶಲದ್ದು. ಲಕ್ಷ ಆಟದವರೆಗೆ ತಾಳಿ ನಿಲ್ಲುವ ಶಕ್ತಿ ಯಾರಿಗಿದೆ?

ದೀರ್ಘಕಾಲದಲ್ಲಿ ಕೌಶಲ ಗೆಲ್ಲುತ್ತದೆ ಎಂಬ ಮಾತು ಪೂರ್ತಿ ನಿಜ, ಆದರೆ ಆ ದೀರ್ಘಕಾಲ ಹಣವಿದ್ದವರಿಗೆ ಮಾತ್ರ ದಕ್ಕುವಂಥದು. ಬಾಡಿಗೆ ರೂಮಿನಲ್ಲಿ ಮೊಬೈಲ್ ಹಿಡಿದು, ಸಾಲದ ಆ್ಯಪಿನಿಂದ ತೆಗೆದ ಹಣ ಕಟ್ಟಿ ಆಡಿದ ಹುಡುಗರನ್ನು ನಾನು ಬಲ್ಲೆ. ಅವರಲ್ಲಿ ಕೆಲವರಿಗೆ ಆಟ ನನಗಿಂತ ಚೆನ್ನಾಗಿ ಬರುತ್ತಿತ್ತು. ಅವರ ಲೆಕ್ಕಗಳು ಸರಿಯಾಗಿದ್ದವು, ನೂರಕ್ಕೆ 80ರ ಪಣಗಳನ್ನೇ ಕಟ್ಟಿದ್ದರು. ಆದರೆ ಮೂರು ಸಲ 20 ಬಿದ್ದರೆ ನಾಲ್ಕನೆಯ ಸಲಕ್ಕೆ ಕೈಯಲ್ಲಿ ಏನೂ ಉಳಿಯುವಂತಿರಲಿಲ್ಲ. ಹಣವಂತನಿಗೆ ಅದೇ ಮೂರು ಸೋಲು ಒಂದು ಕೆಟ್ಟ ವಾರ. ಅವನು ಮುಂದಿನ ವಾರ ಕೂರುತ್ತಾನೆ, ಅವನ ಕೌಶಲ ಫಲ ಕೊಡುತ್ತದೆ, ಆಮೇಲೆ ತನ್ನ ಶಿಸ್ತಿನ ಬಗ್ಗೆ ಸಂದರ್ಶನ ಕೊಡುತ್ತಾನೆ. ಹುಡುಗನ ಬಗ್ಗೆ ಊರಿನವರು ಆಡುವ ಮಾತು ಬೇರೆ. ಸೋತ ಹುಡುಗನಿಗೆ ಇನ್ನೊಂದು ಕೇಡೂ ಇದೆ: ತನ್ನದು ಬರೀ ದುರದೃಷ್ಟವೇ, ಅಥವಾ ನಿಜಕ್ಕೂ ಆಡಲು ಬರುವುದಿಲ್ಲವೇ ಎಂದು ಅವನಿಗೆ ಗೊತ್ತಾಗುವುದೇ ಇಲ್ಲ. ದುರದೃಷ್ಟ ಎಂದುಕೊಂಡು ಮತ್ತೆ ಸಾಲ ತೆಗೆಯುತ್ತಾನೆ. ಹಾಗೆ ಅಂದುಕೊಳ್ಳಲು ಈ ಆಟ ಯಾವಾಗಲೂ ಒಂದು ಎಲೆಯನ್ನು ಒದಗಿಸಿಕೊಡುತ್ತದೆ.

ಪಾವಗಡ, ಚಳ್ಳಕೆರೆ ಕಡೆಯ ಮಳೆ ನಂಬಿದ ರೈತ ಶೇಂಗಾ ಬಿತ್ತುವಾಗ ಮಾಡುವುದೂ ಇಂಥದೇ ತೀರ್ಮಾನ. ಮೊದಲ ಹದಮಳೆಗೆ ಬಿತ್ತಲೇ, ಇನ್ನೊಂದು ಮಳೆ ಕಾಯಲೇ? ಅವನಿಗೆ ನೆಲ ಗೊತ್ತು, ಗಾಳಿ ಗೊತ್ತು, ಹಿಂದಿನ ವರ್ಷಗಳು ಗೊತ್ತು. ಆದರೂ ವರ್ಷಕ್ಕೊಂದೇ ಮುಂಗಾರು. ಒಂದು ಆಯುಷ್ಯಕ್ಕೆ ನಲವತ್ತು ಬಿತ್ತನೆ. 1,20,000 ಆಟ ಆಡಿ ತನ್ನ ತಿಳಿವಳಿಕೆಯನ್ನು ಸಾಬೀತು ಮಾಡಲು ಅವನಿಗೆ ಬಿಡುವವರು ಯಾರೂ ಇಲ್ಲ. ಹದಿನೈದು ದಿನ ಮಳೆ ಕೈಕೊಟ್ಟರೆ ಬಿತ್ತಿದವನು ಅವಸರದವನು, ಕಾಯ್ದವನು ಅನುಭವಿ. ಮಳೆ ಹಿಡಿದರೆ ಬಿತ್ತಿದವನೇ ಅನುಭವಿ, ಕಾಯ್ದವನು ಸೋಮಾರಿ. ಅರಳಿಕಟ್ಟೆಯ ಮೇಲಿನ ತೀರ್ಪು ಮೋಡ ನೋಡಿಕೊಂಡು ಬದಲಾಗುತ್ತದೆ, ಮತ್ತು ಬ್ಯಾಂಕು ಆ ತೀರ್ಪಿನ ಪ್ರಕಾರವೇ ಮುಂದಿನ ಸಾಲ ಕೊಡುತ್ತದೆ. ಜೂಜುಕೋರನು ಆಟ ಬಿಟ್ಟು ಏಳಬಹುದು, ರೈತ ಏಳುವಂತಿಲ್ಲ. ಆದ್ದರಿಂದ ಅವನ ಬಗ್ಗೆ ತೀರ್ಪು ಕೊಡುವಾಗ ನಮಗೆ ಇನ್ನೂ ಹೆಚ್ಚು ಎಚ್ಚರ ಬೇಕು.

ಸಾಲದ ಹಣ ಕಟ್ಟಿ ಆಡುತ್ತಿರುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಇಂದೇ ನಿಲ್ಲಿಸಿ. ನಿಮ್ಮ ಆಟ ಎಷ್ಟೇ ಚೆನ್ನಾಗಿರಲಿ, ಅದನ್ನು ತೋರಿಸುವಷ್ಟು ಕಾಲವನ್ನು ಆ ಸಾಲ ನಿಮಗೆ ಕೊಡುವುದಿಲ್ಲ. ಉಳಿದವರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಗೆ ಯಾರಾದರೂ ಸೋತು ಬಂದರೆ, ಅದು ವ್ಯಾಪಾರವಿರಲಿ, ಪರೀಕ್ಷೆಯಿರಲಿ, ಬೆಳೆಯಿರಲಿ, ಏನಾಯಿತು ಎಂದು ಕೇಳುವ ಮೊದಲು, ಆ ತೀರ್ಮಾನ ಮಾಡುವಾಗ ನಿನಗೆ ಏನೇನು ಗೊತ್ತಿತ್ತು ಎಂದು ಕೇಳಿ. ಗೆದ್ದು ಬಂದವರನ್ನೂ ಅದೇ ಪ್ರಶ್ನೆ ಕೇಳಿ.